ಗಣಿತಕ್ಕೆ ಹಚ್ಚಿದ ಅತ್ತರು

"ಈ ಸಲ ಭಾನುಪ್ರಿಯಳನ್ನು ಗಣಿತದಲ್ಲಿ ಪಾಸು ಮಾಡಿಸದಿದ್ದರೆ ನನ್ನ ಹೆಸರು ಲೋಕೇಶನೇ ಅಲ್ಲ!" ಎಂದು ಬೈರಾಪಟ್ಟಣದ ನಮ್ಮ ಜಗಲಿಯ ಮೇಲೆ ನಿಂತು ನಾನು ಘೋಷಿಸಿದ್ದು 2006ರ ಮಾರ್ಚಿನಲ್ಲಿ. ಪೂರ್ವಸಿದ್ಧತಾ ಪರೀಕ್ಷೆಯಲ್ಲಿ ಮಗಳಿಗೆ ನೂರಕ್ಕೆ ಹತ್ತೊಂಬತ್ತು ಬಂದಿತ್ತು. ಅಸಲಿ ಎಸ್ಸೆಸ್ಸೆಲ್ಸಿಗೆ ಹನ್ನೆರಡೇ ದಿನ!

"ಹೆಸ್ರು ಆಮ್ಯಾಕೆ ಬದಲಾಯಿಸ್ಕಳಿ. ಮೊದ್ಲು ಒಸಿ ಸೊಪ್ಪು ಕುಯ್ಕೊಂಡ್ ಬನ್ನಿ" ಎಂದಳು ಹೆಂಡತಿ ಕಾವೇರಮ್ಮ. ನಡುಮನೆ ತುಂಬ ಅವಳು ಸಾಕಿದ ರೇಷ್ಮೆಹುಳುಗಳು, ಪೊರೆ ಬಿಡಲು ಮೂರನೇ ಸಲ ಮಲಗೆದ್ದು ಬಕಾಸುರರ ಹಾಗೆ ಮೇಯುತ್ತಿದ್ದವು.

ಸೊಪ್ಪು ಕುಯ್ಯುವುದಾ? ನಾನು? ಬಿಡದಿಯ ನಮ್ಮ ಕಾರು ಕಾರ್ಖಾನೆಯಲ್ಲಿ ಮಿದುಳಿನ ಬಗ್ಗೆ ಅರ್ಧ ದಿನ ತರಬೇತಿ ಪಡೆದು ಬಂದ ಮಹಾಜ್ಞಾನಿ! ಬಿಟ್ಟು ಬಿಟ್ಟು ಓದಬೇಕು, ಪುಸ್ತಕ ಮುಚ್ಚಿ ನೆನಪಿಸಿಕೊಳ್ಳಬೇಕು, ಕಣ್ತುಂಬ ನಿದ್ದೆ ಮಾಡಬೇಕು ಎಂದೆಲ್ಲ ತರಬೇತಿಯವರು ಹೇಳಿದರು. ಛೆ, ಇದರಲ್ಲೇನಿದೆ ಹೊಸದು! ನನ್ನನ್ನು ಮರುಳು ಮಾಡಿದ್ದು ಕೊನೆಯ ಮಾತು: ಒಂದು ವಾಸನೆಯ ಜೊತೆ ತಲೆಗೆ ಹೋದದ್ದು, ಅದೇ ವಾಸನೆ ಮತ್ತೆ ಮೂಗಿಗೆ ಬಡಿದರೆ ಥಟ್ಟನೆ ನೆನಪಾಗುತ್ತದಂತೆ!

ಚನ್ನಪಟ್ಟಣದ ಕರೀಂ ಸಾಬರ ಅಂಗಡಿಗೆ ಓಡಿದೆ. "ಇರೋದ್ರಲ್ಲೇ ಘಾಟಾಗಿರೋ ಅತ್ತರು ಕೊಡಿ ಸಾಬ್ರೇ."

"ಮನೇಲಿ ಮದುವೆನಾ ಅಣ್ಣಾ?"

"ಇಲ್ಲ, ಗಣಿತ!"

ಸಾಬರು ನನ್ನ ಮುಖವನ್ನೊಮ್ಮೆ ನೋಡಿ ಶೀಸೆ ಕೊಟ್ಟರು.

ಸಂಜೆ ನಡುಮನೆಯ ಟ್ಯೂಬ್‌ಲೈಟಿನ ಕೆಳಗೆ ಮಗಳನ್ನು ಕೂರಿಸಿ ಪುಸ್ತಕಕ್ಕೆ, ಪೆನ್ನಿಗೆ, ಕರವಸ್ತ್ರಕ್ಕೆ, ಕೊನೆಗೆ ಅವಳ ಎರಡು ಜಡೆಗೂ ಅತ್ತರಿನ ಅಭಿಷೇಕ ಮಾಡಿದೆ. "ಹೇಳು ಮಗಳೇ, ಎ ಪ್ಲಸ್ ಬಿ ಹೋಲ್ ಸ್ಕ್ವೇರ್!"

ಅವಳು ಸೀನಿದಳು. "ಅಪ್ಪಾ, ಹುಳ ಯಾಕೋ ತಲೆ ಎತ್ಕೊಂಡ್ ನಿಂತವೆ..."

ಅಯ್ಯಯ್ಯೋ! ಹುಳಕ್ಕೆ ವಾಸನೆಯೇ ಆಗದು. ಸಾಕಣೆ ಮುಗಿಯುವ ತನಕ ಕಾವೇರಮ್ಮ ಒಗ್ಗರಣೆಯನ್ನೂ ಹಿತ್ತಲಲ್ಲೇ ಹಾಕುತ್ತಾಳೆ. ಪೌಡರು ಬಳಿದುಕೊಂಡ ನೆಂಟರನ್ನು ಹೊಸಲು ದಾಟಿಸುವುದಿಲ್ಲ. ನೆನಪಿನ ಶಕ್ತಿ ಹೆಚ್ಚಿಸುವ ಭರದಲ್ಲಿ ನನಗೆ ಅದೇ ಮರೆತುಹೋಗಿತ್ತು!

"ಯಾರ್ರೀ ಇದು, ಮನೇನ ಮದುವೆ ಚೌಟ್ರಿ ಮಾಡ್ಬುಟ್ಟೋರು!" ಕಡ್ಡಿಪೊರಕೆ ಹಿಡಿದು ಕಾವೇರಮ್ಮ ಪ್ರತ್ಯಕ್ಷಳಾದಳು.

"ಕಾವೇರಿ, ಇದು ವಿಜ್ಞಾನ ಕಣೆ..."

"ವಿಜ್ಞಾನಾನ ಬೀದೀಲಿ ಮಡಿಕ್ಕಳಿ! ನನ್ ಹುಳ ಮೇವು ಬುಟ್ಟವೆ!"

ಪೊರಕೆ ಎದ್ದಿತು. ಜಗಲಿ, ಹಿತ್ತಲು, ಮತ್ತೆ ಜಗಲಿ! ನಾನು ಆ ದಿನ ಓಡಿದಷ್ಟು ನಮ್ಮ ಕಾರ್ಖಾನೆಯ ಕಾರುಗಳೂ ಓಡಿರಲಿಕ್ಕಿಲ್ಲ. ಘಾಟು ಹೋಗಲೆಂದು ಮನೆಯ ಕಿಟಕಿಗಳೆಲ್ಲ ತೆರೆದವು. ಎರಡು ತಟ್ಟೆ ಹುಳ ಉಳಿಯಲಿಲ್ಲ. ಅದನ್ನು ನೆನೆದರೆ ಈಗಲೂ ನನಗೆ ನಾಚಿಕೆಯಾಗುತ್ತದೆ. ಮಗಳ ತಲೆಗೆ ಎರಡು ಸಲ ಸೀಗೇಕಾಯಿ ಬಿತ್ತು. ಗಣಿತ ಪುಸ್ತಕಕ್ಕೆ ತೋಟದ ಪಂಪ್‌ಸೆಟ್ ಮನೆಗೆ ಗಡೀಪಾರು ಶಿಕ್ಷೆಯಾಯಿತು!

ಅಂದಿನಿಂದ ಭಾನುಪ್ರಿಯ ಸೊಪ್ಪಿಗೆ ಹೋದಾಗಲೆಲ್ಲ ಪಂಪ್‌ಸೆಟ್ ಮನೆಯಲ್ಲಿ ಒಂದೊಂದು ಲೆಕ್ಕ ನೋಡಿಕೊಂಡು ಬರುವಳು. ಮನೆಯಲ್ಲಿ ಪುಸ್ತಕವಿಲ್ಲವಲ್ಲ, ಹುಳಕ್ಕೆ ಸೊಪ್ಪು ಹಾಕುತ್ತ ಅವ್ವನಿಗೆ ಬಾಯಲ್ಲೇ ಒಪ್ಪಿಸುವಳು. "ನಂಗೆ ಓದಾಕ್ ಬರಾಕಿಲ್ಲ ಕಣವ್ವ, ತಿಳಿಯಂಗೆ ಬುಡಿಸಿ ಹೇಳು" ಎಂದು ಕಾವೇರಮ್ಮ ಮಗಳನ್ನು ಪೀಡಿಸುವಳು. ಹುಳಗಳು ನಾಲ್ಕನೇ ಸಲ ಮೇವು ಬಿಟ್ಟು ಮಲಗಿದಾಗ, "ಅವೂ ಮನಗವೆ, ನೀನೂ ಮನಿಕ್ಕೊ" ಎಂದು ದೀಪ ಆರಿಸಿದಳು.

ಮೇ ತಿಂಗಳಲ್ಲಿ ಫಲಿತಾಂಶ ಬಂತು. ಗಣಿತದಲ್ಲಿ ಅರವತ್ತೆಂಟು! ನಾನು ಕುಣಿದಾಡಿಬಿಟ್ಟೆ. "ನೋಡಿದಿರಾ, ಎಲ್ಲ ನನ್ನ ಅತ್ತರಿನ ಮಹಿಮೆ!"

ಮಗಳು ಒಳಗೆ ಹೋಗಿ, ಉಳಿದಿದ್ದ ಶೀಸೆ ತಂದು ಬಿರಡೆ ತೆಗೆದು ನನ್ನ ಮೂಗಿಗೆ ಹಿಡಿದಳು. "ಹಂಗಾದ್ರೆ ಒಸಿ ಮೂಸಿ ಅಪ್ಪಾ. ಅವತ್ತು ನೀವೇ ಹೇಳ್ಕೊಡ್ತಿದ್ರಲ್ಲ, ಎ ಪ್ಲಸ್ ಬಿ ಹೋಲ್ ಸ್ಕ್ವೇರ್ ಎಷ್ಟು?"

ಮೂಸಿದೆ. ಎ ಬರಲಿಲ್ಲ, ಬಿ ಬರಲಿಲ್ಲ. ಆದರೆ ಕಡ್ಡಿಪೊರಕೆ ಬಂತು, ಅದರ ಹಿಂದೆ ಕಾವೇರಮ್ಮ ಬಂದಳು, ಬೆನ್ನಿಗೆ ಬಿದ್ದ ಒಂದೊಂದು ಏಟೂ ಬಿದ್ದ ಕ್ರಮದಲ್ಲೇ ಥಟ್ಟನೆ ನೆನಪಾಯಿತು. ತರಬೇತಿಯವರು ಹೇಳಿದ್ದು ನೂರಕ್ಕೆ ನೂರು ನಿಜ!