ಒಂದು ಹಾಳೆ ಇಂಗ್ಲಿಷ್

ಗೋಂದಣ್ಣ ಕೇಳಿದ್ದು ಒಂದು ಪುಸ್ತಕ, ಮೇಷ್ಟ್ರು ಕೊಟ್ಟಿದ್ದು ಒಂದು ಹಾಳೆ. ಅವತ್ತಿನ ಫಜೀತಿಯೆಲ್ಲ ಶುರುವಾದದ್ದೇ ಅಲ್ಲಿಂದ.

ಹನ್ನೊಂದು ವರ್ಷ ಫಿನಾಯಿಲ್ ಬಾಟಲಿಗಳಿಗೆ ಲೇಬಲ್ ಅಂಟಿಸಿ ಅಂಟಿಸಿ ಆ ಹೆಸರು ಗಳಿಸಿದವನು ಅವನು. ಗೋಂದಿನ ಕೋಣೆಗೆ ಕಿಟಕಿಯೇ ಇಲ್ಲ. ಸಂಜೆಯ ಹೊತ್ತಿಗೆ ತಲೆ ಸಿಡಿದುಹೋಗುತ್ತಿತ್ತು. ಈಗ ಕಾರ್ಖಾನೆಯ ಮುಂಭಾಗದ ಆಫೀಸಿನಲ್ಲಿ, ಕಿಟಕಿ ಪಕ್ಕದ ಕುರ್ಚಿ ಖಾಲಿಯಾಗಿದೆ. ಹೊಸ ಮ್ಯಾನೇಜರ್ ಇವತ್ತು ಮಧ್ಯಾಹ್ನ ಇಂಗ್ಲಿಷಿನಲ್ಲೇ ಮಾತಾಡಿಸಿ ಆಳನ್ನು ಆರಿಸುತ್ತಾರಂತೆ. ಪಕ್ಕದ ಮನೆ ಮೇಷ್ಟ್ರ ಹತ್ತಿರ, ಯಾವ ಇಂಗ್ಲಿಷ್ ಪದದ ಜೊತೆ ಯಾವ ಪದ ಕೂಡುತ್ತದೆಂದು ತಿಳಿಸುವ ಪುಸ್ತಕವಿತ್ತು. ಹಾಳೆಗೊಂದು ಪದ.

“ಇಡೀ ಪುಸ್ತಕ ಕೊಟ್ರೆ ವಾಪಸ್ ಬರಲ್ಲಪ್ಪ,” ಎಂದು ಮೇಷ್ಟ್ರು ಹೊಲಿಗೆ ಬಿಚ್ಚಿಟ್ಟ ಪುಸ್ತಕದಿಂದ ಒಂದು ಹಾಳೆ ಎತ್ತಿ, ಮೂಲೆಯಲ್ಲಿ ಕೆಂಪು ಶಾಯಿಯ ರುಜು ಹಾಕಿದರು. “ನಾನು ಕೊಡೋದೇ ಒಂದೊಂದು ಹಾಳೆ. ಇದನ್ನ ತಂದುಕೊಟ್ರೆ ಮುಂದಿನದು. ಇಗೋ, ‘ಡಿಸಿಷನ್’.”

“‘ಟೈಮ್’ ಕೊಡಿ ಮೇಷ್ಟ್ರೇ, ಎಲ್ಲದಕ್ಕೂ ಆಗುತ್ತೆ.”

“ಅದನ್ನ ಯಾರೋ ಮಹಾನುಭಾವ ಒಯ್ದು ವಾರ ಆಯ್ತು!”

ಗೋಂದಣ್ಣ ಹಾಳೆಯನ್ನು ಗೋಂದಿನ ಡಬ್ಬಿಗೆ ಒರಗಿಸಿಕೊಂಡು ಉರು ಹೊಡೆದ. ಆ ಗುಂಗಿನಲ್ಲಿ ಅಂಟಿಸಿದ ನಲವತ್ತು ಬಾಟಲಿಗಳ ಲೇಬಲ್ ತಲೆಕೆಳಗಾಯಿತು.

“ಇದನ್ನೇನು ಕಾಲು ಮೇಲೆ ಮಾಡ್ಕೊಂಡು ಓದ್ಬೇಕಾ ಅಣ್ಣಾ?” ಎಂದಳು ಪ್ಯಾಕಿಂಗ್ ಅಕ್ಕ. ವಿಷಯ ತಿಳಿದದ್ದೇ ತಡ, ಕಾರ್ಖಾನೆಗೆಲ್ಲ ಸಾರಿಬಿಟ್ಟಳು. ಮಧ್ಯಾಹ್ನ ಮ್ಯಾನೇಜರ್ ಬಾಗಿಲ ಮುಂದೆ ಕಾಲಿಡಲು ಜಾಗವಿರಲಿಲ್ಲ.

“ಟೇಕ್ ಯುವರ್ ಟೈಮ್,” ಎಂದರು ಮ್ಯಾನೇಜರ್, ಟೈ ಸರಿಪಡಿಸಿಕೊಳ್ಳುತ್ತ.

“ವೈಸ್ ಡಿಸಿಷನ್, ಸಾರ್!”

ಮ್ಯಾನೇಜರ್ ಬೆಚ್ಚಿದರು. “ಫ್ರೀ ಟೈಮ್?”

“ಟಫ್ ಡಿಸಿಷನ್, ಸಾರ್.”

“ವೇಸ್ಟ್ ಆಫ್ ಟೈಮ್!” ಮ್ಯಾನೇಜರ್ ಮೇಜು ಗುದ್ದಿದರು.

“ಫೈನಲ್ ಡಿಸಿಷನ್!” ಗೋಂದಣ್ಣನೂ ಗುದ್ದಿದ.

ಹೊರಗೆ ಚಪ್ಪಾಳೆಯೋ ಚಪ್ಪಾಳೆ. “ಒಂಚೂರೂ ಬಿಟ್ಟುಕೊಡಲಿಲ್ಲ ನೋಡ್ರೀ ನಮ್ಮಣ್ಣ!” ಎಂದು ಪ್ಯಾಕಿಂಗ್ ಅಕ್ಕ ಕೂಗಿದಳು. ಗೋಂದಣ್ಣನ ಎದೆ ಉಬ್ಬಿ ಅಂಗಿಯ ಗುಂಡಿ ಕಿತ್ತುಬರುವಂತಾಯಿತು.

ಮ್ಯಾನೇಜರ್ ಎದ್ದು ಬಾಗಿಲ ಚಿಲಕ ಹಾಕಿದರು. ಡ್ರಾಯರಿನಿಂದ ಮಡಿಸಿದ ಹಾಳೆಯೊಂದನ್ನು ತೆಗೆದರು. ಮೇಲೆ ‘ಟೈಮ್’, ಮೂಲೆಯಲ್ಲಿ ಮೇಷ್ಟ್ರ ಕೆಂಪು ಶಾಯಿಯ ರುಜು!

“‘ಡಿಸಿಷನ್’ ನಿಮ್ಮ ಹತ್ರ ಇದೆಯಾ?” ಎಂದು ಅಪ್ಪಟ ಕನ್ನಡದಲ್ಲಿ ಪಿಸುಗುಟ್ಟಿದರು.

ಗೋಂದಣ್ಣನಿಗೆ ಜೀವ ಬಂತು. “ಹಾಗಾದ್ರೆ ಕುರ್ಚಿ ನನಗೇ ತಾನೇ, ಸಾರ್?”

“ಅಯ್ಯೋ ಮಾರಾಯ್ರೇ! ಅಲ್ಲಿ ಕೂತ್ರೆ ಬಂದವರ ಹತ್ರ ಎಲ್ಲ ಇಂಗ್ಲಿಷಲ್ಲಿ ಮಾತಾಡ್ಬೇಕು. ಮೊದಲು ನಿಮ್ಮ ಗುಟ್ಟು ರಟ್ಟಾಗುತ್ತೆ, ಆಮೇಲೆ ನನ್ನದು. ಗೋಂದಿನ ಕೋಣೆಗೆ ಯಾರೂ ಬರಲ್ಲ. ನಾನೇ ದಿನಾ ಅಲ್ಲಿಗೆ ಬರ್ತೀನಿ, ಹಾಳೆ ಬದಲಾಯಿಸಿಕೊಂಡು ಕಲಿಯೋಣ.”

ಹೊರಬಂದ ಗೋಂದಣ್ಣನನ್ನು ಜನ ಮುತ್ತಿಕೊಂಡರು. “ಕುರ್ಚಿ ಸಿಕ್ತಾ?”

“ಮ್ಯಾನೇಜರೇ ನನ್ನ ಕೋಣೆಗೆ ಬಂದು ಇಂಗ್ಲಿಷ್ ಮಾತಾಡ್ತಾರಂತೆ!” ಎಂದ ಗೋಂದಣ್ಣ. ಜನ ಅವನನ್ನು ಹೆಗಲ ಮೇಲೆ ಹೊತ್ತು, ಜೈಕಾರ ಹಾಕುತ್ತ, ಗೋಂದಿನ ಕೋಣೆಗೇ ತಂದು ಇಳಿಸಿದರು.

ಸಂಜೆಯೊಳಗೆ ಕಿಟಕಿ ಪಕ್ಕದ ಆ ಕುರ್ಚಿಯೂ ಅಲ್ಲಿಗೆ ಬಂತು. ಮ್ಯಾನೇಜರ್ ಕೂರಬೇಕಲ್ಲ! ಗೋಂದಣ್ಣ ನಿಂತುಕೊಂಡೇ ನಲವತ್ತು ಲೇಬಲ್ ಕೀಳತೊಡಗಿದ.