ಯಾರೂ ಗುರುತಿಸದ ಊರು

ಲಕ್ಷ್ಮೀಪತಿ ಮಾಡಿದ ತಪ್ಪು ಇಷ್ಟೇ: ಹೊಸ ಸೂಟ್‌ಕೇಸನ್ನು ಎಲ್ಲರೂ ನೋಡುವ ಹೊತ್ತಿನಲ್ಲಿ ಮೆಟ್ಟಿಲು ಹತ್ತಿಸಿದ್ದು. ದೋಹಾದ ಬಿನ್ ಮಹಮೂದ್ ಬಡಾವಣೆಯ ಆ ಹಳೇ ಕಟ್ಟಡದಲ್ಲಿ ಸೂಟ್‌ಕೇಸ್ ಕಂಡರೆ ರಜೆ, ರಜೆ ಸಿಕ್ಕರೆ ಊರು. ಬೇರೆ ಸಾಧ್ಯತೆ ಯಾರಿಗೂ ಹೊಳೆಯುತ್ತಿರಲಿಲ್ಲ.

ಅವನು ಹೊರಟಿದ್ದದ್ದು ಬ್ರೆಜಿಲ್‌ನ ಸಾವೊ ಪಾಲೊಗೆ. ನೀರು ಪರೀಕ್ಷಿಸುವ ಲ್ಯಾಬಿನಲ್ಲಿ ಹದಿನಾಲ್ಕು ವರ್ಷ ದುಡಿದ ಈ ಮೈಸೂರಿನ ಬ್ರಹ್ಮಚಾರಿಗೆ ಆ ನಗರದ ನಕ್ಷೆ ಬಾಯಿಪಾಠವಾಗಿತ್ತು. ಯಾವ ಗಲ್ಲಿ ಇಳಿಜಾರು, ಮಧ್ಯಾಹ್ನ ಮೂರಕ್ಕೆ ಯಾವ ಪಾದಚಾರಿ ದಾರಿಯಲ್ಲಿ ನೆರಳು, ಎಲ್ಲವನ್ನೂ ಗುರುತು ಹಾಕಿಕೊಂಡಿದ್ದ. ದೋಹಾದಲ್ಲಾದರೆ ಸೂಕ್ ವಾಕಿಫ್ ಪೇಟೆಯಲ್ಲಿ ಒಂದು ಚಹಾ ಕುಡಿಯುವಷ್ಟರಲ್ಲಿ ಮೂವರು ಬಂದು, ಒಬ್ಬರೇ ಯಾಕೆ ಕೂತಿದ್ದೀರಿ ಎಂದು ಕೇಳುತ್ತಿದ್ದರು. ಕೋಟಿ ಕೋಟಿ ಜನರ ನಡುವೆ, ತನ್ನ ಹೆಸರನ್ನು ಯಾರೂ ಕೂಗದ ಬೀದಿಗಳಲ್ಲಿ ಹತ್ತು ದಿನ ಒಬ್ಬನೇ ನಡೆಯಬೇಕು. ಅವನು ತನಗೆಂದು ಬಯಸಿದ್ದು ಅದೊಂದನ್ನೇ.

ಮೊದಲು ಕೆಳಮನೆಯ ಲಲಿತಮ್ಮ ಮಗಳ ಬಾಣಂತನಕ್ಕೆ ಬಾದಾಮಿ ತಂದರು. ಎದುರುಮನೆಯ ಅಬ್ದುಲ್ ಲತೀಫ್ ಹಾಲಿನ ಪುಡಿ, ಖರ್ಜೂರ, ಅತ್ತೆಯ ಮಂಡಿಗೆ ಮುಲಾಮು ತಂದರು. ಇಲ್ಲ ಎನ್ನಲು ಲಕ್ಷ್ಮೀಪತಿ ಬಾಯಿ ತೆರೆದಾಗಲೆಲ್ಲ ಇನ್ನೊಂದು ಪೊಟ್ಟಣ ಒಳಗೆ ಬರುತ್ತಿತ್ತು. ಸಂಜೆಯ ಹೊತ್ತಿಗೆ ಸೂಟ್‌ಕೇಸು ಮದುವೆ ಊಟ ಮುಗಿಸಿದ ಬೀಗರಂತೆ ಏದುಸಿರು ಬಿಡುತ್ತ ಕೂತಿತ್ತು. ತೂಗಿ ನೋಡಿದ: ಮೂವತ್ತೊಂದು ಕಿಲೋ. ಅವನ ನಡೆಯುವ ಬೂಟುಗಳು ಇನ್ನೂ ಹೊರಗೇ ಇದ್ದವು.

ಲತೀಫ್ ಫೋನು ತೆಗೆದರು. "ಬೆಂಗಳೂರಲ್ಲಿ ಎಷ್ಟೊತ್ತಿಗೆ ಇಳೀತೀರಿ ಮಾರಾಯ್ರೆ? ಗಾಡಿ ಕಳಿಸ್ತೇನೆ."

"ನಾನು ಊರಿಗೆ ಹೋಗ್ತಿಲ್ಲ," ಎಂದ ಲಕ್ಷ್ಮೀಪತಿ. "ಬ್ರೆಜಿಲ್‌ಗೆ ಹೋಗ್ತಿದೀನಿ."

"ಕಂಪನಿ ಕೆಲಸವಾ?"

"ಅಲ್ಲ. ಸುಮ್ನೆ ನಡೆಯೋಕೆ."

ಲತೀಫ್ ಫೋನು ಕೆಳಗಿಟ್ಟರು. ಲಲಿತಮ್ಮ ಮೆಲ್ಲಗೆ ಕೇಳಿದರು: "ಅಲ್ಲಿ ನಿನ್ನೋರು ಅಂತ ಯಾರಿದಾರಪ್ಪ?"

"ಯಾರೂ ಇಲ್ಲ, ಲಲಿತಮ್ಮ. ಒಬ್ರೂ ಇಲ್ಲ." ಹೇಳುವಾಗ ಆಸೆಯಿಂದ ಅವನ ದನಿ ನಡುಗಿತು. ಕಣ್ಣೂ ತೇವವಾಯಿತು.

ಯಾರೂ ಮುನಿಸಿಕೊಳ್ಳಲಿಲ್ಲ. ಪೊಟ್ಟಣಗಳು ಒಂದೊಂದಾಗಿ ಹೊರನಡೆದವು. ಲತೀಫ್ ಹೋಗುವ ಮುನ್ನ ಅವನ ಭುಜವನ್ನು ತುಸು ಹೆಚ್ಚೇ ಹೊತ್ತು ಹಿಡಿದುಕೊಂಡರು. ಬೂಟುಗಳು ಸೂಟ್‌ಕೇಸಿನಲ್ಲಿ ಆರಾಮಾಗಿ ಮಲಗಿದವು.

ಮರುದಿನ ಬೆಳಗಿನ ವಿಮಾನ. ಅಲ್ಲಿನ ಗಡಿಯಾರ ಆರು ಗಂಟೆ ಹಿಂದೆ ಇದ್ದುದರಿಂದ ಇಳಿದಾಗ ಅದೇ ದಿನದ ಬಿಸಿಲು ಇನ್ನೂ ಉಳಿದಿತ್ತು. ಸುತ್ತ ಯಾರ ಮಾತೂ ಅರ್ಥವಾಗಲಿಲ್ಲ. ಲಕ್ಷ್ಮೀಪತಿ ಎದೆತುಂಬ ಉಸಿರೆಳೆದುಕೊಂಡು ಬಾಗಿಲು ದಾಟಿದ.

ಎದುರಿಗೆ ನಾಲ್ವರು ಒಂದು ಫಲಕ ಹಿಡಿದು ನಿಂತಿದ್ದರು. ಅದರ ಮೇಲೆ ದಪ್ಪ ಕನ್ನಡ ಅಕ್ಷರಗಳಲ್ಲಿ ಅವನ ಹೆಸರು.

"ನಾನು ಸಫ್ವಾನ್, ನಿಮ್ಮ ಎದುರುಮನೆ ಲತೀಫಾಕನ ತಂಗಿಯ ಗಂಡ. ಇಲ್ಲಿ ಕೋಳಿ ಎಕ್ಸ್‌ಪೋರ್ಟಲ್ಲಿದ್ದೇನೆ," ಎಂದು ಒಬ್ಬ ಸೂಟ್‌ಕೇಸಿಗೆ ಕೈಹಾಕಿದ. "ಯಾರೂ ಇಲ್ಲ ಅಂತ ನೀವು ಅತ್ತದ್ದು ಕೇಳಿ ನಮಗೆಲ್ಲ ಬೇಜಾರಾಯ್ತು ಸರ್. ನಾವು ಹನ್ನೊಂದು ಮನೆಯವರು ಇದ್ದೇವೆ. ಹತ್ತು ದಿನ ಹತ್ತು ಮನೆಯಲ್ಲಿ ಊಟ. ಹನ್ನೊಂದನೇ ಮನೆಯವರು ಸಿಟ್ಟಾಗಿದ್ದಾರೆ, ಟಿಕೆಟ್ ಒಂದು ದಿನ ಮುಂದೆ ಹಾಕಿಸಿ."

ಕಾರಿನ ಹಿಂದಿನ ಸೀಟಿನಲ್ಲಿ ಅವನನ್ನು ಇಬ್ಬರ ನಡುವೆ ಕೂರಿಸಲಾಯಿತು. ಹೊರಗೆ, ಮರಗಳ ಸಾಲಿನ ಕೆಳಗೆ, ಯಾರೋ ಒಬ್ಬ ಜೇಬಿಗೆ ಕೈಯಿಳಿಸಿ ನಿಧಾನವಾಗಿ ನಡೆದು ಹೋಗುತ್ತಿದ್ದ. ಯಾರೂ ಅವನನ್ನು ನೋಡುತ್ತಿರಲಿಲ್ಲ. ಅವನು ಮರೆಯಾಗುವವರೆಗೂ ಲಕ್ಷ್ಮೀಪತಿ ಕತ್ತು ತಿರುಗಿಸಿ ನೋಡಿದ.

"ಪರಿಚಯದವರಾ ಸರ್?" ಸಫ್ವಾನ್ ಬ್ರೇಕಿನ ಮೇಲೆ ಕಾಲಿಟ್ಟ. "ಅವರನ್ನೂ ಹತ್ತಿಸ್ಕೊಳ್ಳುವನಾ?"