ಮೊಬೈಲ್ ಗದ್ದೆಗೂ ಕೆಡ್ಡಸ

ವಿಶ್ರಾಂತಿ ತೆಗೆದುಕೊಳ್ಳುವುದು ಇಷ್ಟು ಕಷ್ಟದ ಕೆಲಸವೆಂದು ಐವತ್ತಮೂರು ವರ್ಷ ತುಂಬುವವರೆಗೆ ನನಗೆ ಗೊತ್ತಿರಲಿಲ್ಲ. ಕೆಲಸವಾದರೆ ಹೇಗೆ ಮಾಡಬೇಕೆಂದು ಹೇಳಿಕೊಡುವವರಿರುತ್ತಾರೆ, ತಪ್ಪಿದರೆ ತಿದ್ದುವವರಿರುತ್ತಾರೆ. ವಿಶ್ರಾಂತಿಗೆ ಅಂಥ ವ್ಯವಸ್ಥೆ ಇಲ್ಲ. ಹಗಲು ಹನ್ನೊಂದು ಗಂಟೆಗೆ ಮಂಚದ ಮೇಲೆ ಮಲಗಿ ಫ್ಯಾನು ನೋಡುತ್ತಿದ್ದರೆ ಅದು ವಿಶ್ರಾಂತಿಯೋ ಸೋಮಾರಿತನವೋ ಎಂದು ತೀರ್ಮಾನಿಸುವವಳು ಮನೆಯಲ್ಲಿ ಹೆಂಡತಿ ಒಬ್ಬಳೇ. ಅವಳ ತೀರ್ಮಾನವನ್ನು ಕೇಳಿ ತಿಳಿಯಬೇಕಾಗಿಲ್ಲ. ಪೊರಕೆ ಮಂಚದ ಕೆಳಗೆ ಓಡಾಡುವ ಸದ್ದಿನಲ್ಲಿಯೇ ತಿಳಿಯುತ್ತದೆ.

ನಾನು ಮಣಿಪಾಲದ ಒಂದು ಲ್ಯಾಬಿನಲ್ಲಿ ರಕ್ತದ ಟ್ಯೂಬುಗಳಿಗೆ ಲೇಬಲ್ ಅಂಟಿಸುವವನು. ಹೆಸರು ಓದಬೇಕು, ಚೀಟಿಯ ಹೆಸರಿನೊಂದಿಗೆ ತಾಳೆ ನೋಡಬೇಕು, ಲೇಬಲನ್ನು ನೇರವಾಗಿ ಅಂಟಿಸಬೇಕು. ಓರೆಯಾದರೆ ಯಂತ್ರಕ್ಕೆ ಓದಲು ಬರುವುದಿಲ್ಲ. ಇಷ್ಟು ವರ್ಷಗಳಲ್ಲಿ ನನ್ನ ಬಗ್ಗೆ ಯಾರಾದರೂ ಒಳ್ಳೆಯ ಮಾತು ಆಡಿದ್ದರೆ ಅದು ನನ್ನ ಕೈಯ ಬಗ್ಗೆ ಮಾತ್ರ. ಡಿಸೆಂಬರಿನ ಕೊನೆಯಲ್ಲಿ ಒಂದು ಬೆಳಿಗ್ಗೆ ಪರ್ಕಳದಿಂದ ಬಸ್ಸಿನಲ್ಲಿ ಬರುತ್ತಿದ್ದೆ. ತೀರ ಮುಂದಿನ ಸೀಟಿನಲ್ಲಿದ್ದೆ. ಟ್ಯಾಂಕರೊಂದು ಅಡ್ಡ ಬಂತು, ಡ್ರೈವರು ಬ್ರೇಕ್ ಹಾಕಿದ, ಬಸ್ಸು ನಿಂತಿತು. ಯಾರಿಗೂ ಏನೂ ಆಗಲಿಲ್ಲ. ನಾನು ಇಳಿದು ಹೋಗಿ ನೋಡಿದೆ. ಬಸ್ಸಿಗೂ ಟ್ಯಾಂಕರಿಗೂ ನಡುವೆ ನನ್ನ ಕೈಯಲ್ಲಿ ಒಂದೂವರೆ ಗೇಣು ಜಾಗವಿತ್ತು. ಅಳೆದು ಎಂತ ಮಾಡಲಿಕ್ಕುಂಟು, ಹತ್ತಿ ಮಾರಾಯ್ರೆ ಎಂದು ಕಂಡಕ್ಟರು ಹೇಳಿದ. ಹತ್ತಿದೆ. ಲ್ಯಾಬಿಗೆ ಹೋಗಿ ಮೊದಲ ಟ್ಯೂಬು ತೆಗೆದುಕೊಂಡಾಗ ಬಲಗೈ ನಡುಗತೊಡಗಿತು. ಲೇಬಲ್ ಟ್ಯೂಬಿಗೆ ಅಂಟುವ ಬದಲು ನನ್ನ ಹೆಬ್ಬೆರಳಿಗೆ ಅಂಟಿತು. ಆ ಹೊತ್ತಿಗೆ ದಾಖಲೆಯ ಪ್ರಕಾರ ನಾನು ನಲವತ್ತೆರಡು ವರ್ಷದ, ಸಕ್ಕರೆ ಕಾಯಿಲೆಯ ಒಬ್ಬ ಹೆಂಗಸಾಗಿದ್ದೆ.

ಕೈಯಲ್ಲಿ ದೋಷವಿಲ್ಲ, ಹೆದರಿಕೆ ಅಲ್ಲಿ ಉಳಿದುಕೊಂಡಿದೆ ಎಂದು ಡಾಕ್ಟರು ಹೇಳಿದರು. ಮಾತ್ರೆ ಕೊಟ್ಟರು, ಆರು ವಾರ ರಜೆ ಬರೆದರು, ಬೆರಳಿಗೆ ನಿಧಾನದ, ಯಾರಿಗೂ ನಷ್ಟವಾಗದ ಏನಾದರೂ ಕೆಲಸ ಕೊಡಿ ಎಂದರು. ರಜೆ ಮುಗಿದ ದಿನ ನಮ್ಮ ವಿಭಾಗದ ಮೇಡಂ ಇಪ್ಪತ್ತು ಟ್ಯೂಬು ಕೊಟ್ಟು ನೋಡುವವರಿದ್ದರು. ಕೈ ನಿಲ್ಲದಿದ್ದರೆ ನನ್ನನ್ನು ಬೇರೆ ಕಡೆ ಹಾಕುವುದೆಂದು, ಬಹಳ ಮರ್ಯಾದೆಯಿಂದ, ಮೊದಲೇ ತಿಳಿಸಿದ್ದರು.

ಆಗ ಮಗಳು ನನ್ನ ಫೋನಿಗೆ ಒಂದು ಬೇಸಾಯದ ಆಟ ಹಾಕಿಕೊಟ್ಟಳು. ಸಣ್ಣ ಗುಡ್ಡ, ಹಂಚಿನ ಮನೆ, ಬಾವಿ, ಹಿಂದಿನಿಂದ ಮೆಲ್ಲನೆ ಸಂಗೀತ. ನೆಲವನ್ನು ಒಮ್ಮೆ ಮುಟ್ಟಿದರೆ ಹಾರೆ ಬಿದ್ದು ಬೀಜ ಬಿತ್ತಿಯಾಗುತ್ತದೆ. ಕೊಡವನ್ನು ಮುಟ್ಟಿದರೆ ನೀರು. ಇಷ್ಟು ಗಂಟೆಗೆ ಮೂಲಂಗಿ, ಇಷ್ಟು ಗಂಟೆಗೆ ಬದನೆ. ಯಾರೂ ಬೈಯುವುದಿಲ್ಲ, ಯಾರೂ ಸೋಲುವುದಿಲ್ಲ. ಮನಸ್ಸು ಶಾಂತವಾಗಲು ಲೋಕವೆಲ್ಲ ಇದನ್ನೇ ಆಡುತ್ತದೆ ಎಂದಳು. ಲೋಕದ ಕೈ ನಡುಗುವುದಿಲ್ಲ ಎಂಬುದನ್ನು ಅವಳು ಮರೆತಿದ್ದಳು. ನಾನು ಒಮ್ಮೆ ಮುಟ್ಟಿದರೆ ಅದು ಎರಡು ಸಲ ಮುಟ್ಟಿದಂತೆ ಆಗುತ್ತಿತ್ತು. ಬಿತ್ತಿದ ಕುಳಿಗೆ ಎರಡನೆಯ ಸಲ ಹಾರೆ ಬಿದ್ದರೆ ಬೀಜ ಕಿತ್ತು ಹೋಗುತ್ತದೆಂಬುದು ಆಟದ ನಿಯಮ. ಮೊದಲ ದಿನ ಇಪ್ಪತ್ತು ಕುಳಿ ಬಿತ್ತಿದೆ, ಹದಿಮೂರನ್ನು ನಾನೇ ಕಿತ್ತೆ. ಕಾಡುಹಂದಿ ಕೂಡ ಮೊಳಕೆ ಬರುವವರೆಗೆ ಕಾಯುತ್ತದೆ.

ಆದರೂ ಆಟವನ್ನು ಬಿಡಲಾಗಲಿಲ್ಲ. ಕಿತ್ತು ಹೋದ ಕುಳಿಯ ಮೇಲೆ ಸ್ವಲ್ಪ ಹೊತ್ತಿನಲ್ಲಿ ಹುಲ್ಲು ಚಿಗುರಿ, ಏನೂ ಆಗದವರ ಹಾಗೆ ನನ್ನನ್ನು ನೋಡುತ್ತಿತ್ತು. ನನಗೆ ಆ ದಿನಗಳಲ್ಲಿ ಬೇಕಿದ್ದದ್ದು ಅಂಥ ನೆಲವೇ. ದಿನವೂ ಇಪ್ಪತ್ತು ಕುಳಿ ಬಿತ್ತಿ, ಎಷ್ಟು ಕಿತ್ತೆ ಎಂದು ಕ್ಯಾಲೆಂಡರಿನ ಬೆನ್ನಿಗೆ ಬರೆದಿಡುತ್ತಿದ್ದೆ. ಹದಿಮೂರು ಹನ್ನೊಂದಾಯಿತು, ಎರಡನೆಯ ವಾರ ಎಂಟಾಯಿತು, ಒಂದು ದಿನ ಆರಾಗಿ ಮರುದಿನ ಪುನಃ ಒಂಬತ್ತಾಯಿತು. ಅಷ್ಟರಲ್ಲಿ ತಲೆಯೂ ಕೊಂಚ ಆ ಕಡೆ ವಾಲಿತ್ತೆಂದು ಕಾಣುತ್ತದೆ. ಆದಿ ಉಡುಪಿಯ ಸಂತೆಯಲ್ಲಿ ಹೆಂಡತಿಯ ಜೊತೆ ಬದನೆ ಆರಿಸುತ್ತ, ಇದು ಎಷ್ಟು ಗಂಟೆಯದ್ದು ಎಂದು ಮಾರುವವಳನ್ನು ಕೇಳಿಬಿಟ್ಟೆ. ಅವಳು ಸಂಚಿಯನ್ನು ನನ್ನ ಹೆಂಡತಿಯ ಕೈಗೆ ಕೊಟ್ಟಳು.

ಐದನೆಯ ವಾರ ಅತ್ತೆ ಬಂದರು. ಕಾಪುವಿನಿಂದ ಅಳಿಯನ ಕೈ ನೋಡಲೆಂದೇ, ಬಂಗುಡೆ ಮೀನು ಕಟ್ಟಿಸಿಕೊಂಡು ಬಂದರು. ನನ್ನ ಹೆಂಡತಿಯ ತಾಯಿ. ಪ್ರಾಯದಲ್ಲಿ ಮಂಡಿಯವರೆಗೆ ಕೆಸರಿನಲ್ಲಿ ನಿಂತು ಭತ್ತದ ನೇಜಿ ನೆಟ್ಟವರು. ನನ್ನೊಂದಿಗೆ ತುಳುವಿನಲ್ಲಿ ಮಾತಾಡುತ್ತಾರೆ, ಬೈಯುವಾಗಲೂ ಬಹುವಚನ ಬಿಡುವುದಿಲ್ಲ. ಮೊದಲ ದಿನ ನನ್ನ ಹಿಂದೆ ನಿಂತು ಗದ್ದೆ ನೋಡಿದರು. ಗೊಬ್ಬರ ಎಲ್ಲಿ ಎಂದು ಕೇಳಿದರು. ಬದು ಯಾಕೆ ಇಲ್ಲ, ನೀರು ಎಲ್ಲಿಂದ ಹೋಗುತ್ತದೆ ಎಂದು ಕೇಳಿದರು. ಬಾವಿಗೆ ಹಗ್ಗವಿಲ್ಲದಿರುವುದನ್ನು ನಾನು ಒಂದು ತಿಂಗಳಿನಿಂದ ಗಮನಿಸಿರಲಿಲ್ಲ, ಅವರು ಎರಡು ನಿಮಿಷದಲ್ಲಿ ಕಂಡುಹಿಡಿದರು. ಮರುದಿನದಿಂದ ಕುರ್ಚಿ ಹಾಕಿಕೊಂಡು ಕುಳಿತರು.

ರಜೆ ಮುಗಿಯಲು ಮೂರು ದಿನ ಉಳಿದಿತ್ತು. ಹಿಂದಿನ ದಿನ ನನ್ನ ಲೆಕ್ಕ ಐದಕ್ಕೆ ಇಳಿದು ನಿಂತಿತ್ತು. ಆ ಬೆಳಿಗ್ಗೆ ಫೋನ್ ತೆರೆದು ಹಾರೆ ಮುಟ್ಟಲು ಹೋದಾಗ ಅತ್ತೆ ಕೈ ಅಡ್ಡ ಹಿಡಿದರು.

“ಇವತ್ತಿನಿಂದ ಅಗೆಯಬೇಡಿ. ಕೆಡ್ಡಸ.”

ಮಕರ ಮಾಸದ ಕೊನೆಗೆ ಮೂರು ದಿನ ಭೂಮಿತಾಯಿ ಮುಟ್ಟಾಗುತ್ತಾಳೆಂದು ನಮ್ಮ ತುಳುವರ ನಂಬಿಕೆ. ಆ ದಿನಗಳಲ್ಲಿ ನೆಲ ಅಗೆಯಬಾರದು, ಹಸಿ ಗಿಡ ಕಡಿಯಬಾರದು, ಅವಳಿಗೆ ನೋವಾಗುತ್ತದೆ. ಇದೆಲ್ಲ ನನಗೂ ಗೊತ್ತು. ಅತ್ತೆ, ಇದು ಗಾಜು, ಇದರಲ್ಲಿ ಭೂಮಿ ಇಲ್ಲ ಎಂದು ನಿಧಾನವಾಗಿ ವಿವರಿಸಿದೆ. ಭೂಮಿ ಇಲ್ಲದಿದ್ದರೆ ಮೂಲಂಗಿ ಎಲ್ಲಿಂದ ಬಂತು ಎಂದರು. ಕೈಗೆ ಅಭ್ಯಾಸ ಬೇಕು, ಮೂರು ದಿನ ಕಳೆದರೆ ಪರೀಕ್ಷೆ, ಬೇರೆ ಕಡೆ ಹಾಕಿದರೆ ಈ ಪ್ರಾಯದಲ್ಲಿ ನಾನು ಹೊಸತು ಎಂತ ಕಲಿಯುವುದು ಎಂದೆ. ಅವರು ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿದರು.

“ನಮ್ಮ ಗದ್ದೆ ಬೇಸಾಯವಿಲ್ಲದೆ ಹಡಿಲು ಬಿದ್ದು ಎಂಟು ವರ್ಷವಾಯಿತು. ಅಗೆಯುವವರೇ ಇಲ್ಲದ ಕಡೆ ಅಗೆಯಬೇಡಿ ಎಂದು ಯಾರಿಗೆ ಹೇಳುವುದು? ಎಂಟು ವರ್ಷದ ಮೇಲೆ ಹೇಳಲಿಕ್ಕೆ ನೀವೊಬ್ಬರು ಸಿಕ್ಕಿದಿರಿ.”

ಫೋನನ್ನು ಅವರ ಕೈಗೆ ಕೊಟ್ಟೆ.

ನೀರು ಹಾಕಬಹುದು, ನೀರಿಗೆ ದೋಷವಿಲ್ಲ ಎಂದು ಅವರೇ ತೀರ್ಪು ಕೊಟ್ಟರು. ಆದರೆ ಕೊಡದ ಪಕ್ಕದಲ್ಲೇ ಹಾರೆ ಇದ್ದುದರಿಂದ ನನ್ನ ಬೆರಳನ್ನು ನಂಬಲಿಲ್ಲ, ತಾವೇ ಹಾಕಿದರು. ಎಪ್ಪತ್ತಾರರ ಆ ತೋರುಬೆರಳು ಒಂದು ಸಾಲಿನಿಂದ ಇನ್ನೊಂದು ಸಾಲಿಗೆ ನೇಜಿ ನೆಡುವ ಹಾಗೆಯೇ ಹಿಂದೆ ಹಿಂದೆ ಸರಿಯುತ್ತ ಹೋಗುತ್ತಿತ್ತು. ಮೂಲಂಗಿ ಬಲಿತು ಬಾಡಿದರೂ ಕೀಳಲು ಬಿಡಲಿಲ್ಲ. ಅದು ನೆಲದೊಳಗಿನದ್ದು, ಸರಿ. ಬದನೆ ಮೇಲೆ ನೇತಾಡುತ್ತದಲ್ಲ ಎಂದೆ. ಹಸಿಯಲ್ವಾ ಎಂದರು. ನಾನು ಮೂರು ದಿನ ಅವರ ಪಕ್ಕದಲ್ಲಿ ಸುಮ್ಮನೆ ಕುಳಿತೆ. ಹುರಿದಕ್ಕಿಗೆ ಬೆಲ್ಲ, ಕಾಯಿ ಸೇರಿಸಿದ್ದನ್ನು ತಿಂದೆ. ಎರಡನೆಯ ಮಧ್ಯಾಹ್ನ ಕುರ್ಚಿಯಲ್ಲೇ ನಿದ್ದೆ ಹೋಗಿದ್ದೆನಂತೆ. ಕೊನೆಯ ದಿನ ಭೂಮಿತಾಯಿಯ ಸ್ನಾನಕ್ಕೆಂದು ಅತ್ತೆ ತುಳಸಿಕಟ್ಟೆಯ ಹತ್ತಿರ ಅರಶಿನ, ಸೀಗೆ ಇಟ್ಟು ನೆಲಕ್ಕೆ ಎಣ್ಣೆ ಬಿಟ್ಟರು. ಫೋನ್ ಅಲ್ಲೇ ಪಕ್ಕದಲ್ಲಿತ್ತು. ಒಂದು ಹನಿ ಅದರ ಮೇಲೆಯೂ ಬಿತ್ತು. ಕೈತಪ್ಪಿ ಬಿತ್ತೆಂದು ಅವರು ನನ್ನ ಹೆಂಡತಿಗೆ ಹೇಳಿದ್ದಾರೆ. ನಾನು ಹತ್ತಿರವೇ ಇದ್ದೆ. ಕೈ ತಪ್ಪಿರಲಿಲ್ಲ.

ಮರುದಿನ ಬೆಳಿಗ್ಗೆ ಕೆಲಸಕ್ಕೆ ಹೊರಡುವ ಮೊದಲು ಇಪ್ಪತ್ತು ಕುಳಿ ಬಿತ್ತಿದೆ. ಒಂದು ಮಾತ್ರ ಕಿತ್ತು ಹೋಯಿತು. ಇದು ಮಾತ್ರೆಯ ಗುಣವೋ, ಆಟದ ಗುಣವೋ, ಮೂರು ದಿನ ಏನೂ ಮಾಡದೆ ಕುಳಿತದ್ದರ ಗುಣವೋ ಹೇಳಲಾರೆ. ಲ್ಯಾಬಿನಲ್ಲಿ ಇರುವವನಾಗಿ ಇಷ್ಟು ಬಲ್ಲೆ: ಮೂರು ಔಷಧವನ್ನು ಒಟ್ಟಿಗೆ ಕೊಟ್ಟರೆ ಯಾವುದು ಹಿಡಿಯಿತೆಂದು ಯಾರೂ ಹೇಳಲಾರರು. ಅತ್ತೆಗೆ ಮಾತ್ರ ಸಂಶಯವಿರಲಿಲ್ಲ.

ಮೇಡಂ ಇಪ್ಪತ್ತು ಟ್ಯೂಬು ತಂದಿಟ್ಟು ಕಿಟಕಿಯ ಬಳಿ ನಿಂತರು. ಮೊದಲ ಲೇಬಲ್ ತೆಗೆದಾಗ ಕೈ ಸಣ್ಣಗೆ ಅಲುಗಿತು. ನನ್ನ ಹೆದರಿಕೆ ಕಂಡು ಮಾತಿಗೆ ಎಳೆಯಬೇಕೆಂದೇ ಇರಬೇಕು, ಪಕ್ಕದ ಮೇಜಿನ ವಾಸಂತಿ ರಜೆಯಲ್ಲಿ ಎಂತ ಮಾಡಿದಿರಿ ಸರ್ ಎಂದು ಕೇಳಿದಳು. ಕಾರ್ಕಳದ ಕಡೆಯ ಹುಡುಗಿ, ಮನೆಯಲ್ಲಿ ನಿಜವಾಗಿ ಬೇಸಾಯವಿದೆ. ಈ ಪ್ರಾಯದಲ್ಲಿ ಫೋನಿನಲ್ಲಿ ಆಟವಾಡಿದೆ ಎನ್ನಲು ನಾಚಿಕೆಯಾಗಿ, ಸ್ವಲ್ಪ ಬೇಸಾಯ ಮಾಡಿದೆ ಎಂದೆ. ಅವಳ ಮುಖ ಅರಳಿತು. ಎಂತ ಹಾಕಿದ್ದೀರಿ ಎಂದಳು. ಲೇಬಲ್ ಅಂಟಿಸುತ್ತಲೇ ಬದನೆ, ಮೂಲಂಗಿ ಎಂದೆ. ಕೆಡ್ಡಸಕ್ಕೆ ಬಿಟ್ಟಿರಾ ಎಂದಳು. ಮೂರು ದಿನವೂ ಹಾರೆ ಮುಟ್ಟಲಿಲ್ಲ ಎಂದೆ, ಇದು ನಿಜ. ನವಿಲಿನ ಕಾಟ ಇಲ್ಲವಾ ಎಂದಳು. ನಮ್ಮಲ್ಲಿ ನವಿಲು ಇಲ್ಲ ಎಂದೆ. ಅವಳು ಕೆಲಸ ನಿಲ್ಲಿಸಿ ನನ್ನನ್ನೇ ನೋಡಿದಳು.

“ನವಿಲು ಇಲ್ಲದ ಗದ್ದೆ ಈ ಜಿಲ್ಲೆಯಲ್ಲಿ ಎಲ್ಲಿ ಉಂಟು ಸರ್?”

“ಕಾಪುವಿನಿಂದ ಸ್ವಲ್ಪ ಒಳಗೆ,” ಎಂದೆ. “ಹೆಂಡತಿಯ ಕಡೆಯದ್ದು. ಅತ್ತೆಯೇ ನಿಂತು ನೋಡಿಕೊಳ್ಳುತ್ತಾರೆ.”

ಒಮ್ಮೆ ಕರೆದುಕೊಂಡು ಹೋಗಿ, ನೋಡಬೇಕು ಎಂದಳು. ಆಗಲಿ, ಕೊಯ್ಲಿಗೆ ಬಾ ಎಂದೆ. ಅಷ್ಟರಲ್ಲಿ ಮೇಡಂ ಬಂದು ಟ್ಯೂಬುಗಳನ್ನು ಒಂದೊಂದಾಗಿ ಬೆಳಕಿಗೆ ಹಿಡಿದರು. ಇಪ್ಪತ್ತೂ ನೇರವಾಗಿದ್ದವು. ನಾಳೆಯಿಂದ ಇಲ್ಲೇ ಕೂತುಕೊಳ್ಳಿ ಎಂದರು. ನಾನು ನನ್ನ ಬಲಗೈಯನ್ನು ತಿರುಗಿಸಿ ತಿರುಗಿಸಿ ನೋಡಿದೆ. ಸತ್ಯವನ್ನಷ್ಟೇ ತಾಳೆ ನೋಡಿಕೊಂಡು ಬಂದ ಕೈ ಅದು. ನಾನು ಅಷ್ಟು ದೊಡ್ಡ ಸುಳ್ಳು ಹೇಳುತ್ತಿದ್ದಾಗ ಸ್ವಲ್ಪವಾದರೂ ನಡುಗಬೇಕಿತ್ತು. ನಡುಗಲಿಲ್ಲ. ಪೂರ್ತಿ ಗುಣವಾಗಿದೆ ಎಂದು ನನಗೆ ಖಾತ್ರಿಯಾದದ್ದು ಆಗಲೇ.